ಒಡವೆ ಪೆಟ್ಟಿಗೆ: ಬೀಗದ ಕೈ ಯಾರ ಬಳಿ?



ಹಳೆಯ ಶ್ರೀಗಂಧದ ಪೆಟ್ಟಿಗೆಯೊಂದನ್ನು ಕಿರುತೆರೆಯ ಮೇಲೆ ಎಲ್ಲ ದಿಕ್ಕಿನಿಂದಲೂ ತೋರಿಸಬಹುದು. ಮುಚ್ಚಳದ ಮೇಲಿನ ಬಳ್ಳಿ, ಹಂಸ, ಅಂಚಿನ ಸಾಲು ಹೂಗಳು ಎಲ್ಲವೂ ಚೆನ್ನಾಗಿ ಕಾಣುತ್ತವೆ. ಆದರೆ ಮುಚ್ಚಳ ತೆರೆದೊಡನೆ ಹೊರಬರುವ ಪರಿಮಳವನ್ನು ನಿಮ್ಮ ಮನೆಗೆ ತಲುಪಿಸುವ ಯಂತ್ರ ಇನ್ನೂ ಬಂದಿಲ್ಲ. ಅದಕ್ಕೆ ನೀವು ನಿಮ್ಮ ಮನೆಯ ಅಟ್ಟವನ್ನೇ ಹುಡುಕಬೇಕು. ಅಲ್ಲಿ ಅಜ್ಜಿಯ ಕಾಲದ ಒಡವೆ ಪೆಟ್ಟಿಗೆ ಇದ್ದರೆ ಕೆಳಗಿಳಿಸಿ, ಧೂಳೊರೆಸಿ, ಈ ಪುಟ ಓದುವಾಗ ಪಕ್ಕದಲ್ಲಿಟ್ಟುಕೊಳ್ಳಿ. ಪೆಟ್ಟಿಗೆ ಖಾಲಿಯಾಗಿದ್ದರೂ ಚಿಂತೆಯಿಲ್ಲ. ನಮಗೆ ಬೇಕಾದದ್ದು ಪೆಟ್ಟಿಗೆಯೇ.

ಒಡವೆಗಿಂತ ಪೆಟ್ಟಿಗೆಗೇ ಆಯುಸ್ಸು ಹೆಚ್ಚು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನಮ್ಮ ಮನೆಗಳಲ್ಲಿ ಬಂಗಾರ ಒಂದೇ ರೂಪದಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಅಜ್ಜಿಯ ಕಾಸಿನ ಸರವನ್ನು ಮುರಿಸಿ ಮಗಳಿಗೆ ಬಳೆ ಮಾಡಿಸುತ್ತಾರೆ. ಆ ಬಳೆ ಮೊಮ್ಮಗಳ ನೆಕ್ಲೇಸಾಗುತ್ತದೆ. ಡಾಬು, ವಂಕಿ, ಜಡೆಬಿಲ್ಲೆ, ಬುಗುಡಿ ಎಲ್ಲವೂ ಅಕ್ಕಸಾಲಿಯ ಮೂಸೆಗೆ ಬಿದ್ದು ಹೊಸ ಹೆಸರು ಪಡೆದಿವೆ. ಪೆಟ್ಟಿಗೆಯನ್ನು ಮಾತ್ರ ಯಾರೂ ಕರಗಿಸಲಾರರು. ಹಾಗಾಗಿ ಒಡವೆ ಮರೆತ ಕತೆಯನ್ನು ಪೆಟ್ಟಿಗೆ ಹೇಳುತ್ತದೆ.

ಈ ಮಾತಿಗೆ ತಿರುವುಮುರುವಾದ ಉದಾಹರಣೆಯೂ ಒಂದಿದೆ. 1914ರಲ್ಲಿ ಈಜಿಪ್ಟಿನ ಲಾಹೂನ್ ಎಂಬಲ್ಲಿ ಫ್ಲಿಂಡರ್ಸ್ ಪೆಟ್ರಿ ಮತ್ತು ಗಯ್ ಬ್ರಂಟನ್ ರಾಜಕುಮಾರಿ ಸಿತ್‌ಹಾಥೋರ್‌ಯೂನೆಟ್‌ಳ ಗೋರಿಯನ್ನು ಶೋಧಿಸಿದರು. ಸುಮಾರು 3,800 ವರ್ಷ ಹಳೆಯ ಆ ಗೋರಿಯನ್ನು ಕಳ್ಳರು ಹಿಂದೆಯೇ ದೋಚಿದ್ದರು. ಆದರೆ ಗೋಡೆಯ ಗೂಡೊಂದರಲ್ಲಿ ಕೆಸರು ತುಂಬಿ ಗಟ್ಟಿಯಾಗಿತ್ತು. ಅದರೊಳಗಿದ್ದ ಒಡವೆ ಪೆಟ್ಟಿಗೆಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮರ ಪೂರ್ತಿ ಕೊಳೆತುಹೋಗಿತ್ತು. ಬಂಗಾರ, ಮಣಿ, ದಂತದ ಪಟ್ಟಿಗಳು ಉಳಿದಿದ್ದವು. ಆ ಪಟ್ಟಿಗಳ ಅಳತೆ ಹಿಡಿದು ವಿದ್ವಾಂಸರು ಕರಿಮರದ ಪೆಟ್ಟಿಗೆಯನ್ನು ಮತ್ತೆ ಕಟ್ಟಿದರು. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ನಮ್ಮ ನಾಡಿನ ಪೆಟ್ಟಿಗೆಗಳಿಗೆ ಬರೋಣ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಉತ್ತರ ಕನ್ನಡದ ಶಿರಸಿ, ಕುಮಟಾ ಕಡೆಯ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅವರು ಕೆತ್ತುವುದು ಮರದ ಚೇಗನ್ನು. ಪರಿಮಳದ ಎಣ್ಣೆ ಇರುವುದೂ, ಹುಳುಗಳು ಹತ್ತಿರ ಸುಳಿಯದಂತೆ ಮಾಡುವುದೂ ಈ ಚೇಗೇ. ಬೆಲೆಬಾಳುವ ವಸ್ತುವಿಗೆ ಗಂಧದ ಪೆಟ್ಟಿಗೆ ಬೇಕೆನ್ನುವುದು ಬರಿಯ ಶೋಕಿಯಾಗಿರಲಿಲ್ಲ. ಮೈಸೂರಿನವರು ಬೀಟೆ ಮರದಲ್ಲಿ ಗುಳಿ ತೋಡಿ ದಂತದ ಚೂರುಗಳನ್ನು ಕೂರಿಸುವ ಕೆಲಸದಲ್ಲಿ ನಿಪುಣರಾಗಿದ್ದರು. 1912ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಈ ಕೆಲಸವನ್ನು ನೀವು ನೋಡಿರಬಹುದು. ಗಂಧದ ಕೆತ್ತನೆಯನ್ನೂ ಈ ಕೆಲಸವನ್ನೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುತ್ತಿದ್ದರು. ಇನ್ನು ಮಲಬಾರಿನ ನೆಟ್ಟೂರು ಪೆಟ್ಟಿಗೆಯ ಮುಚ್ಚಳ ಮನೆಯ ಮಾಡಿನಂತೆ ಇಳಿಜಾರು. ಮೈತುಂಬ ಹಿತ್ತಾಳೆಯ ಪಟ್ಟಿ. ಒಂದು ಎಚ್ಚರಿಕೆ: ಉದ್ದವಾಗಿ, ಕಿರಿದಾಗಿರುವ ಗಂಧದ ಪೆಟ್ಟಿಗೆ ನಿಮ್ಮಲ್ಲಿದ್ದರೆ ಅದು ಒಡವೆಯದಾಗಿರಲಿಕ್ಕಿಲ್ಲ. ಗಣ್ಯರಿಗೆ ಬಿನ್ನವತ್ತಳೆಯನ್ನು ಸುತ್ತಿ ಒಪ್ಪಿಸಲು ಅಂಥ ಕರಂಡಕಗಳನ್ನು ಮಾಡಿಸುತ್ತಿದ್ದರು.

ಕೆತ್ತನೆಯನ್ನು ನೋಡಿದ್ದಾಯಿತು. ಈಗ ಬೀಗವನ್ನು ನೋಡಿ.

ಇಂಗ್ಲೆಂಡಿನಲ್ಲಿ ಜೋಸೆಫ್ ಬ್ರಾಮಾ 1784ರಲ್ಲಿ ಹೊಸ ಬಗೆಯ ಬೀಗಕ್ಕೆ ಪೇಟೆಂಟು ಪಡೆದ. ಕೀಲಿಯಿಲ್ಲದೆ ಅದನ್ನು ತೆರೆದವರಿಗೆ 200 ಗಿನಿ ಬಹುಮಾನ ಎಂಬ ಸವಾಲಿನೊಡನೆ ಅವನ ಬೀಗವೊಂದು ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಇತ್ತು. 1851ರಲ್ಲಿ ಅಮೆರಿಕದ ಹಾಬ್ಸ್ ಎಂಬಾತ 16 ದಿನಗಳ ಅವಧಿಯಲ್ಲಿ 51 ಗಂಟೆ ಹೆಣಗಿ ಅದನ್ನು ತೆರೆದ. ಶ್ರೀಮಂತ ಮಹಿಳೆಯರ ಪೆಟ್ಟಿಗೆಗಳಿಗೆ ಇಂಥ ಬೀಗವಿರುತ್ತಿತ್ತು. ಆದರೆ ಅದೇ ಕಾಲದ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದೊಡನೆ ಹೆಂಡತಿಯ ಚರಾಸ್ತಿ ಗಂಡನ ಅಧೀನಕ್ಕೆ ಬರುತ್ತಿತ್ತು. ಕಳ್ಳನಿಗೆ 51 ಗಂಟೆ ಬೇಕಾದ ಬೀಗವನ್ನು ತೆರೆಸಲು ಗಂಡನಿಗೆ ಒಂದು ಮಾತು ಸಾಕು! 1870 ಮತ್ತು 1882ರ ಕಾಯಿದೆಗಳು ಬಂದ ಮೇಲೆಯೇ ಈ ಸ್ಥಿತಿ ಬದಲಾದದ್ದು.

ನಮ್ಮಲ್ಲಿ? ಸ್ತ್ರೀಧನ ಎಂಬ ಕಲ್ಪನೆ ನಮಗೆ ಬಹು ಪುರಾತನವಾದದ್ದು. ಅದಕ್ಕೆ ವಿಶಾಲವಾದ ಅರ್ಥ ಕೊಟ್ಟವರಲ್ಲಿ ಪ್ರಮುಖನು ನಮ್ಮ ನೆಲದವನೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನೇ ಅವನು. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು ಮಾತ್ರವಲ್ಲ, ಪಿತ್ರಾರ್ಜಿತವಾಗಿ, ಕ್ರಯದಿಂದ ಅಥವಾ ಪಾಲಿನಲ್ಲಿ ಬಂದದ್ದೂ ಅವಳ ಧನವೇ ಎಂದು ಅವನು ವಿವರಿಸಿದ. ಆದರೆ ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಒಂದು ಕಿಂಡಿ ಉಳಿದಿತ್ತು. ಬರಗಾಲ, ಧರ್ಮಕಾರ್ಯ, ರೋಗ, ಸೆರೆವಾಸ, ಈ ನಾಲ್ಕು ಸಂದರ್ಭಗಳಲ್ಲಿ ತೆಗೆದುಕೊಂಡ ಹೆಂಡತಿಯ ಧನವನ್ನು ಗಂಡ ಹಿಂತಿರುಗಿಸಲೇಬೇಕೆಂಬ ಕಡ್ಡಾಯವಿಲ್ಲ. ಎಷ್ಟು ಮನೆಗಳ ಪೆಟ್ಟಿಗೆಗಳು ಈ ಕಿಂಡಿಯ ಮೂಲಕ ಬರಿದಾದವೋ! ಬಾವಿ ತೋಡಿಸಲು, ಮೈದುನನ ಓದಿಗೆ, ನಾದಿನಿಯ ಮದುವೆಗೆ ಗಿರವಿ ಅಂಗಡಿಗೆ ಹೋದ ಒಡವೆ ಮರಳಿ ಬಾರದ ಕತೆ ನಿಮ್ಮ ಮನೆಯಲ್ಲೂ ಇದ್ದೀತು. ಕೊಟ್ಟವಳು ಇಷ್ಟಪಟ್ಟೇ ಕೊಟ್ಟಿರಬಹುದು. ಅವಳನ್ನು ಕೇಳಿದ್ದರೇ ಎಂಬುದು ಪ್ರಶ್ನೆ.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತು. 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯಿದೆ ಒಡವೆ, ಉಡುಗೆಗಳನ್ನು ಸ್ತ್ರೀಧನವೆಂದು ಸ್ಪಷ್ಟವಾಗಿ ಹೇಳಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಸ್ತ್ರೀಯ ಆಸ್ತಿಯ ಮೇಲೆ ಅವಳಿಗೆ ಪೂರ್ಣ ಒಡೆತನ ಕೊಟ್ಟಿತು. ಹೆಂಡತಿಯ ಸ್ತ್ರೀಧನವನ್ನು ಹಿಂತಿರುಗಿಸದ ಗಂಡನ ಮನೆಯವರ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ಹೂಡಬಹುದೆಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2024ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯದ ಮುಂದೆ ಕೇರಳದ ಮೊಕದ್ದಮೆಯೊಂದು ಬಂದಿತು. ಭದ್ರವಾಗಿಡುವ ನೆಪದಲ್ಲಿ ಗಂಡ ಮದುವೆಯ ಮೊದಲ ರಾತ್ರಿಯೇ ಒಡವೆಗಳನ್ನು ಪಡೆದು ತಾಯಿಯ ಕೈಗೆ ಕೊಟ್ಟನೆಂದೂ, ಅವು ಸಾಲಕ್ಕೆ ಹೋದವೆಂದೂ ಹೆಂಡತಿಯ ದೂರು. ಅವಳಿಗೆ 25 ಲಕ್ಷ ರೂಪಾಯಿ ಕೊಡಲು ಆದೇಶವಾಯಿತು. ಕಷ್ಟಕಾಲದಲ್ಲಿ ಬಳಸಿಕೊಂಡರೂ ಹಿಂತಿರುಗಿಸುವುದು ಗಂಡನ ನೈತಿಕ ಹೊಣೆ ಎಂದಿತು ನ್ಯಾಯಪೀಠ. ಹಳೆಯ ಕಿಂಡಿ ಮುಚ್ಚಿತೆನ್ನಬಹುದು.

ಈಗ ನಿಮ್ಮ ಪಕ್ಕದ ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಮೂಲೆಯ ಹಲ್ಲುಜೋಡಣೆ ಒಂದೇ ಅಳತೆಯಲ್ಲಿಲ್ಲದಿದ್ದರೆ ಅದು ಕೈಕೆಲಸದ ಗುರುತು. ಹೊರಗೆ ಘಮಘಮಿಸಿ ಒಳಗೆ ವಾಸನೆಯೇ ಇಲ್ಲದಿದ್ದರೆ ಯಾರೋ ಸಾಧಾರಣ ಮರಕ್ಕೆ ಗಂಧದೆಣ್ಣೆ ಸವರಿರಬಹುದು. ಹೊಳಪಿಗಾಗಿ ವಾರ್ನಿಷ್ ಬಳಿಯಬೇಡಿ, ಪರಿಮಳ ಮುಚ್ಚಿಹೋಗುತ್ತದೆ. ಒದ್ದೆ ಬಟ್ಟೆ, ಬಿಸಿಲು ಎರಡೂ ಬೇಡ. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ದಂತದ ವ್ಯಾಪಾರಕ್ಕೂ ನಿಷೇಧವಿದೆ.

ಇಂದು ಒಡವೆ ಬ್ಯಾಂಕಿನ ಲಾಕರಿಗೆ ಹೋಗಿದೆ. ಖಾಲಿ ಪೆಟ್ಟಿಗೆ ಅಟ್ಟ ಸೇರಿದೆ. ನಿಮ್ಮಜ್ಜಿ ಆ ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದು ನಿಮಗೆ ನೆನಪಿರಬಹುದು. ಹೊಲ ಮನೆಗಳ ಪತ್ರಗಳಲ್ಲಿ ಅವಳ ಹೆಸರಿರಲಿಲ್ಲ. ಇಡೀ ಮನೆಯಲ್ಲಿ ಅವಳದೆಂದು ಇದ್ದುದು ಆ ಒಂದು ಬೀಗ. ಪೆಟ್ಟಿಗೆಯನ್ನು ಮರಳಿ ಅಟ್ಟಕ್ಕೇರಿಸುವ ಮುನ್ನ ಮನೆಯಲ್ಲಿ ಒಂದು ಮಾತು ಕೇಳಿ: ಲಾಕರು ಯಾರ ಹೆಸರಿನಲ್ಲಿದೆ?