ದಾರಿಗೆ ಅಡ್ಡವಾದ ಚೆಂಡು

ಗಾಲ್ಫ್ ಮೈದಾನದಲ್ಲಿ ಗುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗವನ್ನು ಗ್ರೀನ್ ಎನ್ನುತ್ತಾರೆ. ಅಲ್ಲಿ ಎದುರಾಳಿಯ ಚೆಂಡು ಗುಳಿಯತ್ತ ಸಾಗುವ ದಾರಿಯನ್ನು ತುಳಿಯಬಾರದು. ಅವನು ಹೊಡೆಯುವಾಗ ಮಾತನಾಡಬಾರದು. ನಮ್ಮ ನೆರಳೂ ಆ ದಾರಿಯ ಮೇಲೆ ಬೀಳಬಾರದು. ಇಷ್ಟು ನಯವಾದ ಆಟದಲ್ಲಿ ‘ಸ್ಟೈಮಿ’ಯೂ ಬಹುಕಾಲ ಬಾಳಿತೆಂಬುದು ನನಗೆ ಸೋಜಿಗ.

1744ರಲ್ಲಿ ಎಡಿನ್‌ಬರೋದ ಆಟಗಾರರು ಲೀತ್ ಮೈದಾನದ ಪಂದ್ಯಕ್ಕಾಗಿ 13 ನಿಯಮಗಳನ್ನು ಬರೆದಿಟ್ಟರು. ಗುಳಿಯಿಂದ ಹೆಚ್ಚು ದೂರದಲ್ಲಿರುವವನೇ ಮೊದಲು ಹೊಡೆಯಬೇಕೆಂಬುದು ಅವುಗಳಲ್ಲೊಂದು. ಎರಡು ಚೆಂಡುಗಳು ಒಂದಕ್ಕೊಂದು ತಾಗಿದ್ದರೆ ಒಂದನ್ನು ಎತ್ತಬೇಕೆಂಬುದು ಇನ್ನೊಂದು. ಮುಂದೆ ಈ ಅಂತರವು ಆರು ಅಂಗುಲಕ್ಕೆ ಹಿಗ್ಗಿತು. ಅದಕ್ಕಿಂತ ದೂರದಲ್ಲಿ ಎದುರಾಳಿಯ ಚೆಂಡು ಅಡ್ಡ ನಿಂತರೆ, ಅದನ್ನು ಬಳಸಿಯೋ ಹಾರಿಸಿಯೋ ಆಡಬೇಕಿತ್ತು. ಅದೇ ಸ್ಟೈಮಿ.

1930ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಡೆದ ಬ್ರಿಟಿಷ್ ಅಮೆಚೂರ್ ಪಂದ್ಯಾವಳಿಯಲ್ಲಿ ಬಾಬಿ ಜೋನ್ಸ್ ಮತ್ತು ಸಿರಿಲ್ ಟಾಲಿ 18 ಗುಳಿಗಳ ಬಳಿಕವೂ ಸರಿಸಮರಾಗಿದ್ದರು. 19ನೆಯದರಲ್ಲಿ ಜೋನ್ಸರ ಚೆಂಡು ಟಾಲಿಯವರ ದಾರಿಗೆ ಅಡ್ಡವಾಯಿತು; ಗೆಲುವು ಜೋನ್ಸರದಾಯಿತು. ಅದೇ ವರ್ಷ ಅಂದಿನ ನಾಲ್ಕೂ ಮಹಾಪ್ರಶಸ್ತಿಗಳನ್ನು ಗೆದ್ದ ಅವರ ಕೀರ್ತಿ ಆ ಸಂಜೆಯೇ ತಪ್ಪಿಹೋಗಬಹುದಿತ್ತು.

1952ರ ನಿಯಮಾವಳಿಯು ಸ್ಟೈಮಿಯನ್ನು ತೆಗೆದುಹಾಕಿತು. ಇಂದು ಚೆಂಡಿದ್ದ ಜಾಗಕ್ಕೆ ಪುಟ್ಟ ಬಿಲ್ಲೆಯಿಟ್ಟು ಚೆಂಡನ್ನು ಎತ್ತಿಕೊಳ್ಳುತ್ತಾರೆ. ಜೋನ್ಸರು ಮಾತ್ರ ನಂತರವೂ ಸ್ಟೈಮಿಯನ್ನೇ ಸಮರ್ಥಿಸಿದರು. ಅದೃಷ್ಟವನ್ನು ಎದುರಿಸುವುದೂ ಆಟವೇ ಎಂಬ ವಾದವನ್ನು ನಾನು ಅಲ್ಲಗಳೆಯಲಾರೆ. ಆದರೂ ಕಾಲಿನಿಂದ ಕೆಡಿಸಬಾರದ ದಾರಿಯನ್ನು ಚೆಂಡಿನಿಂದ ಮುಚ್ಚಬಹುದೆಂಬುದು ನನ್ನ ಮನಸ್ಸಿಗೆ ಒಪ್ಪದು. ದಾರಿ ಬಿಟ್ಟುಕೊಟ್ಟು ಗೆಲ್ಲುವುದೇ ಮೇಲಲ್ಲವೇ?