ಮಂದೆಯನ್ನು ಬಿಟ್ಟು ಬಾರದ ಕುರಿಗಾಹಿ – ಸಂತ ಜೋಸೆಫ್ ವಾಜ್



ಜನವರಿ 16 ಸಂತ ಜೋಸೆಫ್ ವಾಜ್‌ರವರ ಹಬ್ಬ. ಧೈರ್ಯ ಎಂದೊಡನೆ ನಮಗೆ ನೆನಪಾಗುವುದು ಕತ್ತಿಗೆ ಕೊರಳೊಡ್ಡಿದ ರಕ್ತಸಾಕ್ಷಿಗಳು. ಆದರೆ ಈ ಸಂತರು ಸತ್ತದ್ದು ಕತ್ತಿಯಿಂದಲ್ಲ. ತಮಗೆ ಒಪ್ಪಿಸಲಾದ ಜನರನ್ನು ಇಪ್ಪತ್ನಾಲ್ಕು ವರ್ಷ ಒಂದು ದಿನವೂ ಕೈಬಿಡದೆ ಉಳಿದದ್ದೇ ಅವರ ಧೈರ್ಯ.

1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಅವರನ್ನು ಕೆನರಾ ಪ್ರದೇಶಕ್ಕೆ, ಅಂದರೆ ನಮ್ಮ ಇಂದಿನ ಕರಾವಳಿಗೆ ಕಳುಹಿಸಲಾಯಿತು. ಆಗ ಇಲ್ಲಿ ಪೋರ್ಚುಗೀಸರ ಕಡೆಯ ಗುರುಗಳಿಗೂ ರೋಮ್ ನೇಮಿಸಿದ ಬಿಷಪರಿಗೂ ಅಧಿಕಾರದ ಜಗಳವಿತ್ತು. ಜಗಳದ ಕಾವಿನಲ್ಲಿ ಜನರು ನಲುಗಬಾರದೆಂದು ವಾಜ್ ಗುರುಗಳು ಸಮಾಧಾನದ ದಾರಿ ಹುಡುಕಿದರು. ಚರ್ಚುಗಳನ್ನು ದುರಸ್ತಿ ಮಾಡಿಸಿದರು, ಊರೂರು ನಡೆದು ಸಂಸ್ಕಾರಗಳನ್ನು ನೀಡಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದ ಪುಣ್ಯಕ್ಷೇತ್ರ ಇಂದಿಗೂ ಅವರ ನೆನಪನ್ನು ಉಳಿಸಿಕೊಂಡಿದೆ.

ಅವರ ಮನಸ್ಸು ಮಾತ್ರ ಸಿಂಹಳದ್ವೀಪದ ಕಡೆಗಿತ್ತು. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಹೊರದಬ್ಬಿದ್ದರು. ಕ್ಯಾಲ್ವಿನ್ ಪಂಥದವರಾದ ಅವರು ಕಥೋಲಿಕ ಗುರುಗಳನ್ನು ಓಡಿಸಿ, ಬಲಿಪೂಜೆಯನ್ನು ನಿಷೇಧಿಸಿದರು. ಸುಮಾರು ಮೂವತ್ತು ವರ್ಷ ಅಲ್ಲಿನ ಕಥೋಲಿಕರಿಗೆ ಪಾಪನಿವೇದನೆ ಇಲ್ಲ, ಪರಮಪ್ರಸಾದ ಇಲ್ಲ.

1687ರಲ್ಲಿ ವಾಜ್ ಗುರುಗಳು ಕೂಲಿಯವನ ವೇಷದಲ್ಲಿ, ಒಬ್ಬ ನಂಬಿಗಸ್ತ ಜೊತೆಗಾರನೊಂದಿಗೆ ದೋಣಿ ಏರಿ ಜಾಫ್ನಾ ಸೇರಿದರು. ಸೇರಿದೊಡನೆ ಭೇದಿಯಿಂದ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಹುಡುಕುವುದು ಹೇಗೆ? ಯಾರನ್ನಾದರೂ ಕೇಳಿದರೆ ಸೆರೆ ಖಂಡಿತ. ಅವರು ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳಿತೋ ಅವರೇ ತಮ್ಮವರು! ಆ ಬಳಿಕ ರಾತ್ರಿಯ ಕತ್ತಲಲ್ಲಿ, ಬಾಗಿಲು ಮುಚ್ಚಿದ ಮನೆಗಳಲ್ಲಿ ಬಲಿಪೂಜೆ ನಡೆಯತೊಡಗಿತು.

ಇಲ್ಲಿ ನಾವು ಒಂದು ವಿಷಯವನ್ನು ಗಮನಿಸಬೇಕು. ಗುರುಗಳು ಬರುವವರೆಗೆ ವಿಶ್ವಾಸದ ದೀಪ ಆರದಂತೆ ಕಾಪಾಡಿದವರು ಯಾರು? ಮಕ್ಕಳಿಗೆ ಮನೆಯಲ್ಲೇ ಪ್ರಾರ್ಥನೆ ಕಲಿಸಿದ ತಾಯಂದಿರು, ಹಿರಿಯರು. ಗುರುಗಳನ್ನು ಬಚ್ಚಿಟ್ಟವರು ಸೆರೆಮನೆಗೆ, ಚಾವಟಿಯ ಏಟಿಗೆ ಸಿದ್ಧರಾಗಿಯೇ ಬಾಗಿಲು ತೆರೆದರು. ಕುರಿಗಾಹಿಯ ಧೈರ್ಯಕ್ಕೆ ಮಂದೆಯ ಧೈರ್ಯವೂ ಜೊತೆಯಾಯಿತು.

1692ರಲ್ಲಿ ಅವರು ಬೌದ್ಧ ಅರಸನ ರಾಜಧಾನಿಯಾದ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರನೆಂಬ ಚಾಡಿಮಾತಿನಿಂದ ಅಲ್ಲಿ ಸೆರೆಯಾದರು. ಸೆರೆಯಲ್ಲಿ ಸುಮ್ಮನೆ ಕೂರದೆ ಸಿಂಹಳ ಭಾಷೆ ಕಲಿತರು. ನಿಧಾನವಾಗಿ ಅರಸ ಎರಡನೆಯ ವಿಮಲಧರ್ಮಸೂರ್ಯನ ವಿಶ್ವಾಸ ಗಳಿಸಿದರು. ಸ್ವಧರ್ಮದವರಲ್ಲದ ಆ ಅರಸನೇ ಅವರಿಗೆ ಆಸರೆಯಾದ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅನುಕೂಲವಿದ್ದವರು ಊರು ಬಿಟ್ಟರು. ರೋಗಿಗಳನ್ನು ಅವರ ಮನೆಯವರೇ ಕಾಡಿಗೆ ಬಿಟ್ಟುಬಂದರು. ಗೋವಾದಿಂದ ಹಿಂದಿನ ವರ್ಷವಷ್ಟೇ ಬಂದಿದ್ದ ಜೊತೆಗುರುವಿನೊಡನೆ ವಾಜ್ ಗುರುಗಳು ಅವರನ್ನು ಹುಡುಕಿ ಹೋದರು. ಗುಡಿಸಲು ಕಟ್ಟಿ, ಗಂಜಿ ಕುಡಿಸಿ, ಗಾಯ ತೊಳೆದರು. ಸತ್ತವರನ್ನು ಮಣ್ಣು ಮಾಡಿದರು. ಜಾತಿಮತ ಕೇಳಲಿಲ್ಲ.

ಪದವಿಯೂ ಅವರನ್ನು ಹುಡುಕಿಕೊಂಡು ಬಂತು. ಅವರನ್ನು ಬಿಷಪರನ್ನಾಗಿ ಮಾಡುವ ಯೋಚನೆ ನಡೆದಾಗ ಅವರು ಒಪ್ಪಲಿಲ್ಲ. ಬದಲಾಗಿ ಗೋವಾದಿಂದ ಬಂದ ಗುರುಗಳನ್ನು ತರಬೇತುಗೊಳಿಸಿದರು. ಊರಿಗೊಬ್ಬ ಹಿರಿಯನನ್ನು ಪ್ರಾರ್ಥನೆ ನಡೆಸಲು, ಧರ್ಮೋಪದೇಶ ಕಲಿಸಲು ನೇಮಿಸಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಧಾರ್ಮಿಕ ಕೃತಿಗಳನ್ನು ರಚಿಸಿದರು. ತಾನಿಲ್ಲದಿದ್ದರೂ ಕೆಲಸ ನಿಲ್ಲಬಾರದು ಎನ್ನುವವನೇ ನಿಜವಾದ ನಾಯಕ.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲೇ ಪ್ರಾಣಬಿಟ್ಟರು. ಗೋವಾಕ್ಕೆ ಅವರು ಮತ್ತೆ ಹಿಂದಿರುಗಲೇ ಇಲ್ಲ. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಸಂತರೆಂದೂ ಕೊಲಂಬೊದಲ್ಲೇ ಘೋಷಿಸಿದರು.

ಪ್ರಿಯರೇ, ಇಂದು ಜಪಮಾಲೆ ಧರಿಸಲು ನಮಗೆ ಯಾರ ಭಯವೂ ಇಲ್ಲ. ಚರ್ಚಿನ ಬಾಗಿಲು ತೆರೆದೇ ಇದೆ. ಆದರೆ ಮೂವತ್ತು ವರ್ಷ ಒಬ್ಬ ಗುರುವೂ ನಮ್ಮ ಊರಿಗೆ ಬಾರದಿದ್ದರೆ, ನಮ್ಮ ಮನೆಯಲ್ಲಿ ವಿಶ್ವಾಸ ಉಳಿದೀತೇ? ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ, ಸಂಘಗಳಲ್ಲಿ ನಾವು ಕೇಳುವುದು ಸ್ಥಾನವನ್ನೋ, ಸೇವೆಯನ್ನೋ? ನೆರೆಮನೆಯ ರೋಗಿಯ ಬಾಗಿಲು ತಟ್ಟುವವರು ಯಾರು? ಈ ಪ್ರಶ್ನೆಗಳನ್ನು ಇಂದು ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಕೇಳಿಕೊಳ್ಳೋಣ.

ಸಂತ ಜೋಸೆಫ್ ವಾಜ್‌ರೇ, ನಮಗಾಗಿ ಪ್ರಾರ್ಥಿಸಿರಿ.