ಗೊಲ್ಲರಹಟ್ಟಿಯ ಬೇಲಿ

ಶಿರಾದಿಂದ ಬುಕ್ಕಾಪಟ್ಟಣದ ಕಡೆ ಹೋಗುವ ಬಸ್ಸಿಳಿದು, ಜಾಲಿಗಿಡಗಳ ನಡುವೆ ನಡೆದು ಆ ಗೊಲ್ಲರಹಟ್ಟಿ ತಲುಪಿದಾಗ ಬೆಳಗಿನ ಒಂಬತ್ತು ಗಂಟೆ. ಹಟ್ಟಿಯ ಬಾಯಲ್ಲಿ ಕೂತಿದ್ದ ಅಜ್ಜಿ ನನ್ನ ಹೆಸರು, ಊರು ಯಾವುದನ್ನೂ ವಿಚಾರಿಸಲಿಲ್ಲ. ಮೊದಲು ಕೇಳಿದ್ದು ಒಂದೇ ಮಾತು: ‘ಹೊರಗಾಗಿಲ್ಲ ತಾನೇನವ್ವ?’

ಇಲ್ಲ ಅಂದೆ. ಅವತ್ತಿಗೆ ಅದು ನಿಜವೂ ಆಗಿತ್ತು.

‘ಹಂಗಾದ್ರೆ ಚಪ್ಲಿ ಅಲ್ಲೇ ಬಿಟ್ಟು ಒಳಿಕ್ಕೆ ಬಾ.’

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಯ ಬಯಲುಸೀಮೆಯಲ್ಲಿ ಊರಿಂದ ಒಂದಿಷ್ಟು ದೂರಕ್ಕೆ ಇಂಥ ಹಟ್ಟಿಗಳು ಸಿಗುತ್ತವೆ. ದನ, ಕುರಿ ಕಾಯುತ್ತಿದ್ದ ಕಾಡುಗೊಲ್ಲರ ನೆಲೆಗಳು ಇವು. ಸುತ್ತ ಮುಳ್ಳಿನ ಬೇಲಿ, ಒಳಗೆ ಗುಡಿಸಲುಗಳು, ರೊಪ್ಪ, ದೇವರ ಗುಡಿ. ಇದು ಹಳೆಯ ರೂಪ. ಬೇಲಿ ಕಾಡುಪ್ರಾಣಿಗಳನ್ನಷ್ಟೇ ಅಲ್ಲ, ಸೂತಕವನ್ನೂ ಹೊರಗಿಡಬೇಕು. ಮುಟ್ಟಾದವಳು, ಹೆತ್ತವಳು ಬೇಲಿಯ ಆಚೆ ಇರಬೇಕು. ಒಬ್ಬಳು ತಪ್ಪಿದರೆ ಕೇಡು ಅವಳ ಮನೆಗಲ್ಲ, ಇಡೀ ಹಟ್ಟಿಗೆ ಎಂಬುದು ನಂಬಿಕೆ. ಹಾಗಾಗಿ ಪಾಲಿಸುವವರೂ ಎಲ್ಲರೂ, ಕಾಯುವವರೂ ಎಲ್ಲರೂ.

ಇವತ್ತು ಆ ಹಟ್ಟಿಯಲ್ಲಿ ಮುಳ್ಳಿನ ಬೇಲಿ ಉಳಿದಿಲ್ಲ. ಗುಡಿಸಲಿದ್ದ ಕಡೆ ಆರ್‌ಸಿಸಿ ಮನೆಗಳು, ಮೇಲೆ ಡಿಶ್ ಆಂಟೆನಾ. ಆದರೆ ಬೇಲಿ ಎಲ್ಲಿತ್ತು ಎಂದು ಏಳು ವರ್ಷದ ಹುಡುಗಿಯೂ ಬೆರಳಿಟ್ಟು ತೋರಿಸಿದಳು.

ಗುಡಿಯ ಮುಂದೆ ಹಿರಿಯರೊಬ್ಬರು ಗಣೆ ಹಿಡಿದು ಕೂತರು. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಅದನ್ನು ಊದುತ್ತ ಜುಂಜಪ್ಪನ ಕಥೆ ಹಾಡುತ್ತಾರೆ. ದನಗಾಹಿ ವೀರನಾಗಿದ್ದು ದೇವರಾದ ಜುಂಜಪ್ಪನ ಗುಡ್ಡೆ ಇದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿದೆ. ಎರಡು ಗಂಟೆ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಊರಾಚೆಯ ಗುಡಿಸಲು ನೋಡಬೇಕು ಅಂದೆ. ಅಜ್ಜಿ ತಡೆದಳು: ‘ಒಳಗಿಂದೆಲ್ಲ ಮುಗಿಸ್ಕೊಂಡು ಹೋಗವ್ವ. ಅಲ್ಲಿ ಹೋದ್ರೆ ಮತ್ತೆ ಒಳಿಕ್ಕೆ ಬರಂಗಿಲ್ಲ.’

ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಗಳೆಲ್ಲ ಯಾಕೆ ಗುಡಿಯಿಂದಲೇ ಶುರುವಾಗುತ್ತವೆ ಎಂದು ಆಗ ಹೊಳೆಯಿತು.

ಈ ಪದ್ಧತಿ ಹೊಸದಲ್ಲ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲೇ ಕಾಡುಗೊಲ್ಲ ಬಾಣಂತಿ ಕೂಸಿನೊಂದಿಗೆ ಊರಾಚೆಯ ಸಣ್ಣ ಗುಡಿಸಲಲ್ಲಿ ಇರುವ ಪ್ರಸ್ತಾಪವಿದೆ. ಮುಟ್ಟಾದವರನ್ನೂ ಬಸುರಿಯರನ್ನೂ ಬಲವಂತವಾಗಿ ಹೊರಗಿಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯ್ದೆ ಅಪರಾಧವೆನ್ನುತ್ತದೆ. ಅದೇ ಸರ್ಕಾರದ ದುಡ್ಡಿನಲ್ಲಿ ಹಲವು ಹಟ್ಟಿಗಳ ಅಂಚಿಗೆ ಹೊರಗಾದವರಿಗೆಂದು ‘ಕೃಷ್ಣ ಕುಟೀರ’ಗಳೂ ಎದ್ದಿವೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಆಚೆ, ಮಳೆಗಾಲದ ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು.

ಇನ್ನೊಂದು ತೊಡಕಿದೆ. ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಮಾನ್ಯತೆ ಕೇಳುತ್ತಿದ್ದಾರೆ. ಬಡತನ, ಶಾಲೆಯಿಂದ ದೂರ ಉಳಿದದ್ದು ನೋಡಿದರೆ ಅದು ನ್ಯಾಯದ ಬೇಡಿಕೆ ಎಂದೇ ನನಗನ್ನಿಸುತ್ತದೆ. ಆದರೆ ಬುಡಕಟ್ಟು ಯಾವುದೆಂದು ಅಳೆಯಲು ಇವತ್ತಿಗೂ ಬಳಕೆಯಲ್ಲಿರುವುದು 1965ರ ಲೋಕೂರ್ ಸಮಿತಿಯ ಮಾನದಂಡ: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಪ್ರತ್ಯೇಕ ವಾಸ, ಹೊರಗಿನವರೊಡನೆ ಬೆರೆಯಲು ಹಿಂಜರಿಕೆ, ಹಿಂದುಳಿದಿರುವಿಕೆ. ಕಾನೂನು ಅಳಿಸಬೇಕೆನ್ನುವ ಗುಡಿಸಲೇ ಕಡತದಲ್ಲಿ ‘ಆದಿಮ ಲಕ್ಷಣ’ಕ್ಕೆ ಸಾಕ್ಷಿಯಾಗಬಲ್ಲದು. ನನ್ನಂಥ ಸಂಶೋಧಕರು ತೆಗೆಯುವ ಫೋಟೋ ಯಾವ ಕಡತ ಸೇರುತ್ತದೋ ಎಂಬ ಅಳುಕು ನನಗಿದೆ.

ಅಮೆರಿಕದ ಶೇಕರ್ ಪಂಥದವರೂ ಹೀಗೆ ಒಟ್ಟಾಗಿ, ಕಟ್ಟುನಿಟ್ಟಾಗಿ ಊರು ಕಟ್ಟಿ ಬದುಕಿದವರು. ಮ್ಯಾಸಚೂಸೆಟ್ಸ್‌ನ ಹ್ಯಾನ್‌ಕಾಕ್‌ನಲ್ಲಿದ್ದ ಅವರ ಊರು 1960ರಲ್ಲಿ ಮಾರಾಟವಾಗಿ ಮ್ಯೂಸಿಯಂ ಆಯಿತು. ಅಲ್ಲಿ ನಿಯಮ ಪಾಲಿಸುವವರು ಯಾರೂ ಉಳಿದಿಲ್ಲ. ಕಟ್ಟಡಗಳನ್ನು ಕಾಪಾಡಿದರೆ ಯಾರಿಗೂ ನೋವಿಲ್ಲ. ಜನರಿರುವ ಹಟ್ಟಿಯನ್ನು ‘ಇದ್ದ ಹಾಗೇ ಉಳಿಸಬೇಕು’ ಎನ್ನುವವರು ಮೊದಲು ಕೇಳಬೇಕಾದ್ದು, ಉಳಿಸುವ ಖರ್ಚು ಯಾರ ಮೈಮೇಲೆ ಬೀಳುತ್ತದೆ ಎಂದು.

ಮಧ್ಯಾಹ್ನ ಆಚೆಯ ಗುಡಿಸಲಿಗೆ ಹೋದೆ. ತೆಂಗಿನ ಗರಿಯ ಮಾಡು. ಒಳಗೆ ನಿಂತರೆ ತಲೆ ತಾಗುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತಿದ್ದಳು, ಇನ್ನೊಬ್ಬ ಹೆಂಗಸು ದೂರದಲ್ಲಿ ಒಲೆ ಊದುತ್ತಿದ್ದಳು. ಅಜ್ಜಿಯೂ ನನ್ನ ಹಿಂದೆಯೇ ಬಂದು ಒಂದಷ್ಟು ದೂರದಲ್ಲಿ ನಿಂತಳು. ‘ನಾಲ್ಕು ಹೆತ್ತೆ ಕಣವ್ವ, ಇಂಥ ಗುಡ್ಲಲ್ಲೇ. ಎರಡು ಉಳಿದವು,’ ಅಂದಳು. ಆಮೇಲೆ ಕೇಳದೆಯೇ ಒಂದು ಸೋಬಾನೆ ಪದ ಎತ್ತಿಕೊಂಡಳು. ಒಲೆಯ ಹೆಂಗಸು ಸೊಲ್ಲು ಕೂಡಿಸಿದಳು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ನೆನಪಾದಳು. ಓದುಬರಹವಿಲ್ಲದ ಅವಳು ನೆನಪಿನಿಂದ ಹಾಡಿದ್ದನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪುಸ್ತಕ ಮಾಡಿದ್ದಾರೆ. ಕಾಡುಗೊಲ್ಲರ ಚರಿತ್ರೆಯ ದೊಡ್ಡ ಪಾಲು ಹೀಗೆ, ತಿಂಗಳಿಗೊಮ್ಮೆ ಬೇಲಿ ದಾಟಿಸಿದ ಹೆಂಗಸರ ನಾಲಗೆಯ ಮೇಲೆ ಉಳಿದು ಬಂದಿದೆ. ಆ ಹಾಡಿಗೆ ಗುಡಿಸಲೇನೂ ಬೇಕಿಲ್ಲ.

ಹೊರಡುವಾಗ ಓದುತ್ತಿದ್ದ ಹುಡುಗಿಗೆ ಏನು ಪರೀಕ್ಷೆ ಎಂದು ಕೇಳಿದೆ. ‘ನಾಳೆ ಹಿಸ್ಟ್ರಿ, ಮೇಡಂ,’ ಅಂದಳು. ಗಣೆಯ ಹಿರಿಯರಿಗೆ ಹೇಳಿ ಹೋಗೋಣ ಅನ್ನಿಸಿತು. ಆದರೆ ಒಳಗೆ ಹೋಗುವ ಹಾಗಿರಲಿಲ್ಲ. ಅಲ್ಲಿಂದಲೇ ಕೈಮುಗಿದು ಬಸ್ಸಿನ ದಾರಿ ಹಿಡಿದೆ.